ಅಪ್ಪನ ಅಂಗೈ, ನನ್ನ ಮೀಟರು

ಇಂಜಿನ್ ಸವೆದಿದೆಯೋ ಇಲ್ಲವೋ ಎಂದು ಹೇಳಲು ಅಪ್ಪನಿಗೆ ಬೇಕಾಗಿದ್ದುದು ಬಲಗೈಯ ಅಂಗೈ ಒಂದೇ. ಗಾಡಿಯನ್ನು ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಓಡಿಸಿ ತರುತ್ತಿದ್ದರು. ಇಂಜಿನ್ ಬಿಸಿಯಾದ ಮೇಲೆ, ಅದು ಓಡುತ್ತಿರುವಾಗಲೇ, ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಬಾಯಿಗೆ ಅಂಗೈ ಒಡ್ಡುತ್ತಿದ್ದರು. ಪಿಸ್ಟನ್ನಿನ ರಿಂಗು, ಅದು ಓಡಾಡುವ ಬೋರು ಸವೆದಿದ್ದರೆ ಒಳಗೆ ಉರಿದ ಗಾಳಿ ಸಂದಿಯಲ್ಲಿ ಕೆಳಗಿಳಿದು ಆ ಬಾಯಿಂದ ಬುಸುಬುಸು ಎಂದು ಹೊರಗೆ ಹೊಡೆಯುತ್ತದೆ. ನಮ್ಮ ಕಸುಬಿನವರು ಅದನ್ನು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಅಪ್ಪ ಕಣ್ಣು ಮುಚ್ಚಿ, ಸುತ್ತ ಇದ್ದವರಿಗೆಲ್ಲ ಸುಮ್ಮನಿರಿ ಎಂದು ಎಡಗೈಯಲ್ಲಿ ಸನ್ನೆ ಮಾಡಿ, ಅರ್ಧ ನಿಮಿಷ ಹಾಗೇ ನಿಲ್ಲುತ್ತಿದ್ದರು. ಆಮೇಲೆ ಕೈ ಒರೆಸಿಕೊಂಡು ಒಂದು ಮಾತು ಹೇಳುತ್ತಿದ್ದರು.

ಆ ಒಂದು ಮಾತಿಗೆ ನಮ್ಮ ಮೂಡಿಗೆರೆ ಕಡೆ ಇದ್ದ ಬೆಲೆ ಈಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಆಲ್ದೂರಿನಲ್ಲೋ ಕಳಸದಲ್ಲೋ ಯಾರಾದರೂ ಹಳೇ ಜೀಪು ಕೊಳ್ಳಲು ಹೊರಟರೆ ಕಾಗದಪತ್ರ ಆಮೇಲೆ. ಮೊದಲು, "ಮೂಡಿಗೆರೆಯವ್ರು ಕೈ ಇಟ್ಟು ನೋಡಿದ್ದಾರಾ?" ಅಂತ ಕೇಳುತ್ತಿದ್ದರು. ಕೊಡುವವನು, ಕೊಳ್ಳುವವನು ಇಬ್ಬರೂ ಒಟ್ಟಿಗೆ ನಮ್ಮ ಶೆಡ್ಡಿಗೆ ಬರುತ್ತಿದ್ದರು. ಅಪ್ಪ ಎಸ್ಟೇಟಿನ ವರ್ಕ್‌ಶಾಪಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಂಜಿನ್ನು ರಿಪೇರಿ ಮಾಡುತ್ತಾ ಕಲಿತವರು, ಶಾಲೆಗೆ ಹೋದದ್ದು ಕಡಿಮೆ. ಅವರ ಹತ್ತಿರ ಇದ್ದದ್ದು ಆ ಕೈ, ಮತ್ತು ಆ ಕೈ ಸುಳ್ಳು ಹೇಳುವುದಿಲ್ಲ ಎಂಬ ಊರಿನ ನಂಬಿಕೆ. ಆ ನಂಬಿಕೆಯನ್ನು ಕಳೆದವನು ನಾನು. ಬೇರೆ ಯಾರೋ ಕಳೆದಿದ್ದರೆ ಇಷ್ಟು ವರ್ಷ ಬೈದುಕೊಂಡಾದರೂ ಇರಬಹುದಿತ್ತು.

ನಾನು ಐ.ಟಿ.ಐ. ಮುಗಿಸಿ, ಚಿಕ್ಕಮಗಳೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಎರಡು ವರ್ಷ ದುಡಿದು ಶೆಡ್ಡಿಗೆ ವಾಪಸು ಬಂದಾಗ ಜೊತೆಯಲ್ಲಿ ಒಂದು ಕೆಂಪು ಡಬ್ಬಿ ತಂದಿದ್ದೆ. ಅದರೊಳಗೆ ಕಂಪ್ರೆಷನ್ ಮೀಟರು. ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಇಂಜಿನ್ನಿನಿಂದ ಬಿಚ್ಚಿ, ಆ ತೂತಿಗೆ ಮೀಟರನ್ನು ತಿರುಗಿಸಿ ಕೂರಿಸಿ, ಸೆಲ್ಫ್ ಹೊಡೆದರೆ ಪಿಸ್ಟನ್ನು ಗಾಳಿಯನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಒಂದಾದ ಮೇಲೆ ಒಂದು ಸಿಲಿಂಡರ್ ಹೀಗೆ ನೋಡಿ ಬರೆದುಕೊಳ್ಳಬೇಕು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನಾನು ಬ್ರೇಕ್ ಸರಿಮಾಡಲು ಬಂದ ಗಾಡಿಗೂ ಮೀಟರ್ ಹಾಕಿದವನು. ಅಪ್ಪ ನಕ್ಕು, "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮಾರಾಯ?" ಅನ್ನುತ್ತಿದ್ದರು. ಹಾಗೆಂದು ಅದನ್ನು ಮುಟ್ಟಬೇಡ ಅಂತ ಒಂದು ದಿನವೂ ಹೇಳಲಿಲ್ಲ. ಸಂಜೆ ಬಾಗಿಲು ಹಾಕುವಾಗ ಡಬ್ಬಿಯನ್ನು ಒರೆಸಿ ಮೇಲಿನ ಹಲಗೆಯಲ್ಲಿ ಇಡುತ್ತಿದ್ದವರು ಅವರೇ.

ಆ ವರ್ಷ ಕಾಫಿ ಹಣ್ಣಿನ ಕೊಯ್ಲು ಶುರುವಾಗಿ ವಾರವೂ ಆಗಿರಲಿಲ್ಲ. ದೇವರಮನೆ ಬೆಟ್ಟದ ಕಡೆಯಿಂದ ಒಬ್ಬರು ಜೀಪು ತಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಹೆಸರು ಬೇಡ, ಜೀಪಿನ ಅಣ್ಣ ಅನ್ನುತ್ತೇನೆ. ಬೆಳಿಗ್ಗೆ ಕೂಲಿಯಾಳುಗಳನ್ನು ಎಸ್ಟೇಟಿಗೆ ಬಿಡುವುದು, ಸಂಜೆ ವಾಪಸು ಕರೆತರುವುದು, ಶನಿವಾರ ಭಾನುವಾರ ಬೆಟ್ಟ ನೋಡಲು ಬಂದವರನ್ನು ಮೇಲೆ ಹತ್ತಿಸುವುದು ಅವರ ಜೀವನ. ಜೀಪು ಏರಿನಲ್ಲಿ ಎಳೆಯುತ್ತಿಲ್ಲ, ಬೆಳಿಗ್ಗೆ ಬಿಳೀ ಹೊಗೆ ಅಂದರು. ಅಪ್ಪ ಒಂದು ಸುತ್ತು ಓಡಿಸಿ ತಂದು, ಮುಚ್ಚಳ ತೆಗೆದು ಕೈ ಇಟ್ಟರು.

"ಇಂಜಿನ್ ಗಟ್ಟಿಯಾಗಿದೆ," ಅಂದರು. "ನಾಝಲ್ ಸೋರ್ತಾ ಇದೆ. ಚಿಕ್ಕಮಗಳೂರಿಗೆ ಕಳ್ಸಿ ಸರ್ವಿಸ್ ಮಾಡ್ಸಿದ್ರೆ ಸಾಕು. ನಾಡಿದ್ದು ಗಾಡಿ ಒಯ್ಯಿ."

ಜೀಪಿನ ಅಣ್ಣನ ಮುಖ ಅರಳಿತು. ಕೊಯ್ಲಿನ ಸಮಯದಲ್ಲಿ ಗಾಡಿ ನಿಂತರೆ ಆಳು ಸಾಗಿಸುವ ಕೆಲಸ ಬೇರೆಯವರ ಕೈಗೆ ಹೋಗುತ್ತದೆ, ಅದು ಅವರ ಭಯ. ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಸಲಿಲ್ಲ ನಾನು. ನಾಝಲ್ ಹೇಗೂ ಬಿಚ್ಚಬೇಕಲ್ಲ, ನಾಳೆ ಬೆಳಿಗ್ಗೆ ಮೀಟರ್ ಹಾಕಿಯೇ ನೋಡೋಣ ಅಂದೆ.

ಇಲ್ಲಿ ನಮ್ಮ ಗುಡ್ಡದವರ ಒಂದು ಅಭ್ಯಾಸ ಹೇಳಬೇಕು. ಇಲ್ಲಿ ಜೀಪನ್ನು ಯಾರೂ ಸಮತಟ್ಟು ಜಾಗದಲ್ಲಿ ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ, ಉರುಳುವಾಗ ಕ್ಲಚ್ ಬಿಟ್ಟರೆ ಗಾಡಿ ಸ್ಟಾರ್ಟ್. ಸೆಲ್ಫು, ಬ್ಯಾಟರಿ ಎಲ್ಲ ಹೆಸರಿಗೆ ಮಾತ್ರ. ಹಾರನ್ ಹೊಡೆದು ಲೈಟು ಉರಿದರೆ ಬ್ಯಾಟರಿ ಚೆನ್ನಾಗಿದೆ ಎಂದೇ ಲೆಕ್ಕ. ನಮ್ಮ ಶೆಡ್ಡು ಕೂಡ ರಸ್ತೆಯಿಂದ ಕೆಳಗೆ ಇಳಿಜಾರಿನಲ್ಲೇ ಇದೆ, ಬಂದ ಗಾಡಿಗಳೆಲ್ಲ ಉರುಳಿಕೊಂಡೇ ಹೋಗುತ್ತವೆ. ನಾನು ಹುಟ್ಟಿ ಬೆಳೆದದ್ದು ಈ ಅಭ್ಯಾಸದ ನಡುವೆ, ಹಾಗಾಗಿ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಮೀಟರ್ ಹಾಕುವಾಗ ಗಾಡಿ ಉರುಳಿಸಲಾಗುವುದಿಲ್ಲ, ಸೆಲ್ಫೇ ಹೊಡೆಯಬೇಕು. ಸೆಲ್ಫು ಜೋರಾಗಿ ತಿರುಗದಿದ್ದರೆ ಎಷ್ಟು ಒಳ್ಳೆಯ ಇಂಜಿನ್ನೂ ಗಾಳಿಯನ್ನು ಸರಿಯಾಗಿ ಒತ್ತುವುದಿಲ್ಲ. ಐ.ಟಿ.ಐ.ನಲ್ಲಿ ಇದನ್ನು ಮೊದಲ ಪಾಠದಲ್ಲೇ ಹೇಳಿದ್ದರು, ಇಂಜಿನ್ ಬಿಸಿಯಿರಬೇಕು ಎಂದೂ ಹೇಳಿದ್ದರು. ನಾನು ಚಳಿಗೆ ತಣ್ಣಗಾಗಿದ್ದ ಇಂಜಿನ್ನಿಗೆ, ಸತ್ತಂತಿದ್ದ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಿದೆ. ಜೀಪಿನ ಅಣ್ಣನೇ ಸೀಟಿನಲ್ಲಿ ಕೂತು ಸೆಲ್ಫ್ ಹೊಡೆದರು. ನಾಲ್ಕು ಸಿಲಿಂಡರಿನಲ್ಲೂ ಮುಳ್ಳು ಅರ್ಧಕ್ಕೇ ನಿಂತಿತು. ನಾಲ್ಕೂ ಒಂದೇ ಸಮ ಕಡಿಮೆ ಬಂದಾಗಲಾದರೂ ಅನುಮಾನ ಪಡಬೇಕಿತ್ತು, ಸವೆಯುವ ಇಂಜಿನ್ನು ಸಾಮಾನ್ಯವಾಗಿ ಒಂದು ಹೆಚ್ಚು ಒಂದು ಕಡಿಮೆ ಸವೆಯುತ್ತದೆ. ನನಗೆ ಅನುಮಾನ ಬರಲಿಲ್ಲ, ಒಳಗೊಳಗೇ ಸಂತೋಷವಾಯಿತು.

ಆಮೇಲೆ ಎರಡನೇ ಪರೀಕ್ಷೆ. ಪ್ರತಿ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುವುದು. ಆಯಿಲ್ ರಿಂಗಿನ ಸಂದಿ ಮುಚ್ಚುತ್ತದೆ, ಮುಳ್ಳು ಮೇಲೇರಿದರೆ ರಿಂಗು ಹೋಗಿದೆ, ಏರದಿದ್ದರೆ ವಾಲ್ವಿನ ತೊಂದರೆ ಅಂತ. ಮುಳ್ಳು ಏರಿತು. ಆಯಿಲ್ ಬಿಟ್ಟರೆ ಚೆನ್ನಾಗಿರುವ ಡೀಸೆಲ್ ಇಂಜಿನ್ನಿನಲ್ಲೂ ಅದು ಏರುತ್ತದೆ, ಆ ಪರೀಕ್ಷೆಯನ್ನು ಡೀಸೆಲ್ ಇಂಜಿನ್ನಿನಲ್ಲಿ ನೆಚ್ಚಿಕೊಳ್ಳಬಾರದು ಎಂಬುದು ಕಲಿಯುವ ಪುಸ್ತಕದಲ್ಲೇ ಇತ್ತು. ಓದಿದ್ದೆ, ಮರೆತಿದ್ದೆ.

"ರಿಂಗ್ ಪೂರ್ತಿ ಹೋಗಿದೆ ಅಣ್ಣ. ಇಂಜಿನ್ ಇಳಿಸ್ಬೇಕು," ಅಂದೆ.

ಅವರು ಅಪ್ಪನ ಮುಖ ನೋಡಿದರು. "ಯಜಮಾನ್ರೇ, ನೀವು ನಿನ್ನೆ ಗಟ್ಟಿಯಾಗಿದೆ ಅಂದ್ರಲ್ಲ."

"ಈಗಲೂ ಅದನ್ನೇ ಹೇಳ್ತೀನಿ," ಅಂದರು ಅಪ್ಪ. "ಬ್ಯಾಕ್ ಕಂಪ್ರೆಷನ್ ಇಲ್ಲ ಇದ್ರಲ್ಲಿ."

ನಾನು ಮೀಟರನ್ನು ಎತ್ತಿ ತೋರಿಸಿದೆ. ಆಗ ಆಡಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ, ತಿದ್ದುವುದಿಲ್ಲ. "ಅಪ್ಪನ ಕೈಗೆ ವಯಸ್ಸಾಯ್ತು ಅಣ್ಣ. ದಪ್ಪ ಆಗಿದೆ ಚರ್ಮ, ಗೊತ್ತಾಗಲ್ಲ. ಕೈ ನಂಬ್ಕೊಂಡು ಗಾಡಿ ಓಡ್ಸಿ ನಾಳೆ ಘಾಟಿಯಲ್ಲಿ ಆಳುಗಳ ಸಮೇತ ನಿಂತ್ರೆ ನನ್ನನ್ನ ಕೇಳ್ಬೇಡಿ." ಶೆಡ್ಡಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅಪ್ಪ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಸಿಟ್ಟಿನಿಂದಲ್ಲ, ನಾನು ಹೇಳಿದ್ದು ನಿಜವಿರಬಹುದೇ ಎಂದು ನೋಡಿಕೊಂಡರು.

ಆಳುಗಳ ಮಾತು ತೆಗೆದದ್ದಕ್ಕೆ ಜೀಪಿನ ಅಣ್ಣ ಹೆದರಿ ಒಪ್ಪಿಕೊಂಡರು. ನಾಝಲ್‌ಗಳನ್ನು ಚಿಕ್ಕಮಗಳೂರಿಗೆ ಕಳಿಸಿ, ನಾನು ಇಂಜಿನ್ನಿನ ಹೆಡ್ ಬಿಚ್ಚಿ ಪಿಸ್ಟನ್ನುಗಳನ್ನು ಹೊರಗೆ ತೆಗೆದೆ. ಬೋರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಕಾರ್ಖಾನೆಯಲ್ಲಿ ಉಜ್ಜಿದ ಸಣ್ಣ ಅಡ್ಡಗೆರೆಗಳು ಇನ್ನೂ ಹಾಗೇ ಇವೆ. ಸವೆದ ಬೋರಿನಲ್ಲಿ ಮೊದಲು ಅಳಿಯುವುದೇ ಆ ಗೆರೆ. ಮೇಲಿನ ಅಂಚಿನಲ್ಲಿ ಉಗುರಿಗೆ ತಡೆಯುವ ಹಾಗೆ ಒಂದು ಸಣ್ಣ ಮೆಟ್ಟಿಲು ಬಿದ್ದಿರಬೇಕು, ಅದೂ ಇಲ್ಲ. ಅಪ್ಪ ಹಿಂದಿನಿಂದ ಬಂದು ಬಗ್ಗಿ ನೋಡಿದರು. ತೋರುಬೆರಳನ್ನು ಅಂಚಿನಲ್ಲಿ ಒಂದು ಸುತ್ತು ಆಡಿಸಿದರು. ನಂತರ ನನ್ನ ಮುಖ ನೋಡಿದರು. ಈಗ ಬೈಯುತ್ತಾರೆ ಎಂದು ಕಾದೆ. ಅವರು ಕೈತೊಳೆಯಲು ಹೊರಗೆ ಹೋದರು.

ನನಗೆ ತಲೆ ಕೆಟ್ಟುಹೋಯಿತು. ಮೀಟರು ಸುಳ್ಳು ಹೇಳುವುದು ಹೇಗೆ? ಮಧ್ಯಾಹ್ನ ಅಪ್ಪ ಊಟಕ್ಕೆ ಮನೆಗೆ ಹೋದಾಗ, ಚೆನ್ನಾಗಿ ಓಡುತ್ತಿದ್ದ ನಮ್ಮದೇ ಜೀಪಿಗೆ ಮೀಟರ್ ಹಾಕಿದೆ. ಮುಳ್ಳು ಸರಿಯಾದ ಜಾಗಕ್ಕೆ ಹೋಯಿತು. ಆಮೇಲೆ ಜೀಪಿನ ಅಣ್ಣನ ಬ್ಯಾಟರಿ ತಂದು ನಮ್ಮ ಜೀಪಿಗೆ ಕೊಟ್ಟು ಮತ್ತೆ ನೋಡಿದೆ. ಸೆಲ್ಫು ನಿದ್ದೆಯಿಂದ ಎದ್ದವರ ಹಾಗೆ ತಿರುಗಿತು, ಮುಳ್ಳು ಅರ್ಧಕ್ಕೆ ನಿಂತಿತು. ಆ ಬ್ಯಾಟರಿ ಎಂದೋ ಸತ್ತಿತ್ತು, ಇಳಿಜಾರಿನಲ್ಲಿ ಉರುಳಿಸಿಯೇ ಸ್ಟಾರ್ಟ್ ಮಾಡುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅಪ್ಪನ ಕೈ ಸರಿಯಾಗಿತ್ತು. ನಾನು ಬ್ಯಾಟರಿಯನ್ನು ತಂದ ಜಾಗದಲ್ಲೇ ಇಟ್ಟು, ಅಪ್ಪ ಬರುವ ಮೊದಲೇ ಮೀಟರನ್ನು ಡಬ್ಬಿಗೆ ಹಾಕಿದೆ.

ಮರುದಿನ ಜೀಪಿನ ಅಣ್ಣ ಬಂದರು. ಅವರು ಓಡಿಸುತ್ತಿದ್ದ ಎಸ್ಟೇಟಿನ ಲೆಕ್ಕ ನೋಡುವ ರೈಟರು ಆಳು ಸಾಗಿಸುವುದನ್ನು ಇನ್ನೊಬ್ಬರ ಪಿಕಪ್ಪಿಗೆ ಕೊಟ್ಟುಬಿಟ್ಟಿದ್ದರಂತೆ, ಆ ಕೊಯ್ಲು ಮುಗಿಯುವವರೆಗೆ. ಪಾಪ, ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಬಿಚ್ಚಿಟ್ಟ ಪಿಸ್ಟನ್ನುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಹೇಗಿತ್ತು ಒಳಗೆ? ಹೋಗಿತ್ತಾ?" ಅಂತ ಕೇಳಿದರು.

ಇಲ್ಲ ಅಣ್ಣ, ನಾನು ತಪ್ಪಿದೆ, ಅಪ್ಪ ಹೇಳಿದ್ದೇ ಸರಿ. ಇಷ್ಟೇ ಹೇಳಬೇಕಾಗಿದ್ದುದು. ಬಾಯಿಗೆ ಬಂದದ್ದು ಬೇರೆ. "ಪೂರ್ತಿ ಹೋಗಿತ್ತು," ಅಂದೆ. ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಂದು.

ಅವರು ಅಪ್ಪನ ಕಡೆ ತಿರುಗಿದರು. ಅಪ್ಪ ಒಂದು ಬಟ್ಟೆಯಿಂದ ಸ್ಪ್ಯಾನರ್ ಒರೆಸುತ್ತಾ ನಿಂತಿದ್ದರು. ನಾನು ತಲೆಯೆತ್ತಲಿಲ್ಲ. "ಹೌದು," ಅಂದರು ಅಪ್ಪ. "ಅವ್ನು ಹೇಳಿದ್ದೇ ಸರಿ. ನಂಗೆ ಗೊತ್ತಾಗ್ಲಿಲ್ಲ."

ಇಂಜಿನ್ನಿನ ವಿಷಯದಲ್ಲಿ ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೊಡುವವನು ಗೆಳೆಯನಾದರೂ, ಕೊಳ್ಳುವವನು ಮುಖ ಕಂಡರಾಗದವನಾದರೂ, ಇದ್ದದ್ದನ್ನು ಇದ್ದ ಹಾಗೆ ಹೇಳಿದವರು. ನಾಳೆ ಶೆಡ್ಡು ನಡೆಸುವವನು ನಾನು, ನನ್ನ ಹೆಸರು ಮೊದಲ ವರ್ಷವೇ ಕೆಡಬಾರದು ಎಂದು ತಮ್ಮ ಹೆಸರನ್ನು ಕೊಟ್ಟರು. ಹೀಗೆಂದು ಅವರು ನನಗೆ ಹೇಳಲಿಲ್ಲ. ಬೇರೆ ಕಾರಣ ನನಗಂತೂ ಹೊಳೆಯುವುದಿಲ್ಲ.

ಬಿಚ್ಚಿದ ಮೇಲೆ ಹಳೇ ರಿಂಗು ಹಾಕುವ ಪದ್ಧತಿಯಿಲ್ಲ, ಹೊಸ ರಿಂಗು ಹಾಕಿದೆ. ಸರ್ವಿಸ್ ಆದ ನಾಝಲ್‌ಗಳು ಬಂದವು. ಜೊತೆಗೆ ಒಂದು ಹೊಸ ಬ್ಯಾಟರಿಯನ್ನೂ ನಾನೇ ಕೂರಿಸಿ, ಹಳೆಯದು ಸ್ವಲ್ಪ ವೀಕಾಗಿತ್ತು ಅಣ್ಣ ಎಂದೆ. ಜೀಪು ದೇವರಮನೆ ಏರನ್ನು ಮೂರನೇ ಗೇರಿನಲ್ಲಿ ಹತ್ತಿತಂತೆ. ಹತ್ತದೆ ಏನು, ನಾಝಲ್ ಸರಿಯಾಗಿತ್ತಲ್ಲ. ಹೊಗಳಿಕೆ ಬಂದದ್ದು ಮಾತ್ರ ನನ್ನ ಮೀಟರಿಗೆ. ಜೀಪಿನ ಅಣ್ಣ ಒಳ್ಳೆಯವರು, ಉಪಕಾರ ಮಾಡುತ್ತೇನೆಂದು ಹೋದಲ್ಲೆಲ್ಲ ನನ್ನ ಹೆಸರು ಹೇಳಿದರು. ಕೈ ಇಟ್ಟು ನೋಡಿದ್ದಾರಾ ಎನ್ನುತ್ತಿದ್ದ ಜನ ಎರಡೇ ವರ್ಷದಲ್ಲಿ ಮೀಟರ್ ಹಾಕಿದ್ದಾರಾ ಎನ್ನತೊಡಗಿದರು.

ಅಪ್ಪ ಮತ್ತೆ ಯಾವ ಇಂಜಿನ್ನಿಗೂ ಕೈ ಒಡ್ಡಲಿಲ್ಲ. ಹಳೇ ಗಿರಾಕಿಗಳು ಅಭ್ಯಾಸಬಲದಿಂದ ಕರೆದರೆ, "ಮಗನ್ನ ಕೇಳಿ," ಅನ್ನುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ಯಾವುದೋ ಕಾರಿನಿಂದ ಬಿಚ್ಚಿದ ಸೀಟೊಂದಿತ್ತು, ಅದರಲ್ಲಿ ಕೂತು ನಟ್ಟು ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆದು ಕೊಡುತ್ತಿದ್ದರು, ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದರು. ಮನೆಯಲ್ಲಿ ಅಮ್ಮ, "ಅಪ್ಪಂಗೆ ಎಂತ ಆಗಿದೆ? ಮಾತೇ ಆಡಲ್ಲ," ಅಂತ ನನ್ನನ್ನೇ ಕೇಳುತ್ತಿದ್ದರು. ವಯಸ್ಸಾಯ್ತಲ್ಲ ಅಮ್ಮ ಅನ್ನುತ್ತಿದ್ದೆ.

ಒಂದು ಸಲ ಹೇಳಲು ಹೊರಟೆ. ಸಾಮಾನು ತರಲು ಇಬ್ಬರೂ ಆಲ್ದೂರಿಗೆ ಹೋಗಿ ವಾಪಸು ಬರುತ್ತಿದ್ದೆವು, ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಅಪ್ಪ, ಆ ದೇವರಮನೆ ಜೀಪು..."

"ಅದು ಆಯ್ತಲ್ಲ ಮಾರಾಯ," ಅಂದರು. "ಗಾಡಿ ಓಡ್ತಾ ಇದ್ಯಲ್ಲ."

ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ಅವರೇ ಬೇಡ ಅಂದರಲ್ಲ, ಇನ್ನು ನನ್ನ ತಪ್ಪಿಲ್ಲ ಎಂದು ರಸ್ತೆ ನೋಡುತ್ತಾ ಗಾಡಿ ಓಡಿಸಿದೆ. ಅವರು ನನ್ನ ಮಾತನ್ನು ತಡೆದರೋ, ನಾನು ಮುಂದುವರಿಸುತ್ತೇನೆಯೇ ಎಂದು ನೋಡಿದರೋ, ಕೇಳುವ ಧೈರ್ಯ ನನಗಿರಲಿಲ್ಲ.

ನಾಲ್ಕನೇ ವರ್ಷದ ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಅಪ್ಪ ಕುಸಿದರು. ನಾನು ಓಡಿಹೋಗಿ ಎತ್ತುವಷ್ಟರಲ್ಲಿ ಜೀವ ಇರಲಿಲ್ಲ. ಒಂದು ಮಾತು ಹೇಳಲು ನಾಲ್ಕು ವರ್ಷ ಇತ್ತು ನನಗೆ, ಕೊನೆಗೆ ಒಂದು ನಿಮಿಷವೂ ಸಿಗಲಿಲ್ಲ. ಆಸ್ಪತ್ರೆಗೆ ಸೇರಿ ಎರಡು ದಿನ ಮಲಗಿದ್ದರೂ ಹೇಳುತ್ತಿದ್ದೆ ಎಂದು ಅಂದುಕೊಳ್ಳುತ್ತೇನೆ. ಹೇಳುತ್ತಿದ್ದೆನೋ ಇಲ್ಲವೋ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಜೀಪು ಓಡಿಸುವವರು, ಲಾರಿಯವರು ತುಂಬಾ ಜನ ಬಂದಿದ್ದರು. ನಾನು ಪಾಯಸ ಬಡಿಸುತ್ತಿದ್ದೆ. ಎಲೆಯ ಮುಂದೆ ಕೂತಿದ್ದ ಜೀಪಿನ ಅಣ್ಣ ಪಕ್ಕದವರಿಗೆ ಹೇಳುತ್ತಿದ್ದರು. "ದೊಡ್ಡ ಮನುಷ್ಯ. ಕಡೇಗೆ ಕೈ ಹೋಗಿತ್ತು, ಪಾಪ. ಆದ್ರೂ ತಪ್ಪಾಯ್ತು ಅಂತ ಬಾಯಿಬಿಟ್ಟು ಒಪ್ಕೊಂಡ್ರು. ಯಾರು ಒಪ್ಕೊಳ್ತಾರೆ ಈ ಕಾಲದಲ್ಲಿ?" ಪಕ್ಕದವರು ತಲೆಯಾಡಿಸಿದರು. ಸೌಟು ನನ್ನ ಕೈಯಲ್ಲಿತ್ತು. ನಾನು ಅವರ ಎಲೆಗೆ ಪಾಯಸ ಹಾಕಿ, ಮುಂದಿನ ಎಲೆಗೆ ಹೋದೆ. ಅಪ್ಪ ಸತ್ತ ಮೇಲೂ, ಅವರ ಕಾರ್ಯದ ದಿನವೇ, ಎರಡನೇ ಸಲ ಅದೇ ಮಾಡಿದೆ.

ಅದಾದ ಮೇಲೆ ನನಗೆ ಅನ್ನ ಸೇರಲಿಲ್ಲ. ಮೂರು ವಾರ ಹೀಗೇ ಕಳೆದು, ಒಂದು ಮಂಗಳವಾರ ಶೆಡ್ಡಿಗೆ ಬೀಗ ಹಾಕಿ ದೇವರಮನೆ ಕಡೆ ಹೊರಟೆ. ಜೀಪಿನ ಅಣ್ಣ ಮನೆಯ ಮುಂದಿನ ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಕಾಲಲ್ಲಿ ಕೆದಕಿ ಹರಡುತ್ತಿದ್ದರು. ಕೂತ್ಕೋ, ಕಾಫಿ ಕುಡಿ ಅಂದರು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬೋರಿನ ಗೆರೆ, ಸತ್ತ ಬ್ಯಾಟರಿ, ನಾನು ಹೇಳಿದ ಸುಳ್ಳು, ನನಗಾಗಿ ಅಪ್ಪ ಹೇಳಿದ ಸುಳ್ಳು. ನನ್ನಿಂದ ನಿಮ್ಮ ಒಂದು ಕೊಯ್ಲಿನ ಬಾಡಿಗೆ ಹೋಯ್ತು, ಬೈಯಿರಿ, ಹೊಡೆಯಿರಿ ಅಂದೆ.

ಅವರು ಕಾಫಿ ಕೆದಕುವುದನ್ನು ನಿಲ್ಲಿಸಿದರು. ಕಣದ ಅಂಚಿನ ಕಲ್ಲಿನ ಮೇಲೆ ಕೂತರು.

"ಬಾಡಿಗೆ ವಿಷ್ಯ ಬಿಡು," ಅಂದರು. "ಮುಂದಿನ ವರ್ಷ ಮತ್ತೆ ಸಿಕ್ತು ಅದು. ಆಮೇಲೆ ನಾನು ನಿಮ್ ಶೆಡ್ಡಿಗೆ ಎಷ್ಟ್ ಸಲ ಬಂದಿದೀನಿ?"

"ತುಂಬಾ ಸಲ ಬಂದಿದ್ದೀರಿ ಅಣ್ಣ."

"ಪ್ರತಿ ಸಲ ನಿಮ್ಮಪ್ಪ ನನ್ನ ನೋಡಿ ಸೀಟಿಂದ ಎದ್ದು ನಿಲ್ತಿದ್ರು. ನಾನೇನು ದೊಡ್ಡ ಮನುಷ್ಯನಾ, ಇವ್ರು ಎಂತಕ್ಕೆ ಏಳ್ತಾರೆ ಅಂತ ನಂಗೆ ಮುಜುಗರ ಆಗ್ತಿತ್ತು. ಕೂತ್ಕೊಳ್ಳಿ ಯಜಮಾನ್ರೇ ಅಂದು, ದಾಟಿ ನಿನ್ನ ಹತ್ರ ಬರ್ತಿದ್ದೆ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಏನೋ ಹೇಳೋಕೆ ಏಳ್ತಿದ್ರು ಮಾರಾಯ. ನಾನು ಒಂದ್ ಸಲನೂ ನಿಲ್ಲಲಿಲ್ಲ."

ಅಪ್ಪ ಹಾಗೆ ಎದ್ದು ನಿಲ್ಲುತ್ತಿದ್ದುದನ್ನು ನಾನೂ ನೋಡಿದ್ದೆ. ಕೂತು ಕೂತು ಕಾಲು ಹಿಡಿದುಕೊಂಡಿರಬೇಕು ಅಂದುಕೊಂಡಿದ್ದೆ.